ಒಡಕು ದನಿಯ ವಕೀಲ

ಆ ಅಮೆರಿಕದ ಹಾಡುಗಾರ್ತಿಯ ಪರವಾಗಿ ಎಷ್ಟು ಜನರ ಹತ್ತಿರ ವಾದ ಮಾಡಿದ್ದೇನೆ ಎಂದು ನೆನೆದರೆ ಈಗ ನನಗೇ ಸುಸ್ತಾಗುತ್ತದೆ. ಆಕೆ ನನ್ನ ಬಂಧುವಲ್ಲ, ಬಳಗವಲ್ಲ. ನಾನೆಂಬುವನೊಬ್ಬ ಇದ್ದೇನೆಂದು ಆಕೆಗೆ ಗೊತ್ತಿರಲು ಸಾಧ್ಯವೇ ಇಲ್ಲ. ಆದರೂ ಹೆಚ್ಚುಕಡಿಮೆ ಒಂದು ವರ್ಷ ನಾನು ಫೀಸಿಲ್ಲದೆ ಆಕೆಯ ವಕೀಲಿಕೆ ಮಾಡಿದೆ.

ಹೈದರಾಬಾದಿನಲ್ಲಿ ಗಲ್ಲಿಗೊಂದು ಕಂಪ್ಯೂಟರ್ ಕ್ಲಾಸು ತೆರೆಯುತ್ತಿದ್ದ ಕಾಲ ಅದು. ಬೇಗಂಪೇಟೆಯ ಆಫೀಸೊಂದರಲ್ಲಿ ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸವಾಗಿತ್ತು. ನಮ್ಮ ಟೀಮ್ ಲೀಡರ್ ಆರು ತಿಂಗಳು ಅಮೆರಿಕದಲ್ಲಿದ್ದು ಬಂದವನು ಎಲ್ಲರಿಗೂ ಚಾಕೊಲೇಟು ಹಂಚಿ, ನನಗೆ ಮಾತ್ರ ಒಂದು ಸಿ.ಡಿ. ಕೊಟ್ಟ. ಆಲ್ಟ್-ಕಂಟ್ರಿ ಎಂದ. ಅಲ್ಲಿಯ ಹಳ್ಳಿಗಾಡಿನ ಹಾಡಿನ ಧಾಟಿಯೇ ಅದು. ಆದರೆ ನಯನಾಜೂಕು ನಮಗೆ ಬೇಡ ಎಂದವರು ಹಾಡುವ ಬಗೆಯಂತೆ.

ಬೇಡ ಎಂದದ್ದು ಕೇಳಿದರೇ ಗೊತ್ತಾಗುತ್ತಿತ್ತು. ಮೂಗಿನಲ್ಲಿ ಹುಟ್ಟಿ, ಗಂಟಲಲ್ಲಿ ತಡವರಿಸಿ, ಮೇಲಿನ ಸ್ವರಕ್ಕೆ ಹೋದಾಗಲೆಲ್ಲ ಒಡೆಯುವ ದನಿ. ಹುರಿದ ಶೇಂಗಾ ಗಂಟಲಿಗೆ ಸಿಕ್ಕಿದವರು ಹಾಡಿದ ಹಾಗೆ. ಮೊದಲ ದಿನ ಎರಡನೇ ಹಾಡಿಗೇ ಬಂದ್ ಮಾಡಿದೆ. ಮೂರನೇ ದಿನ ಕೂಕಟ್‌ಪಲ್ಲಿಯ ಬಸ್ಸಿನಲ್ಲಿ ನಿಂತಿರುವಾಗ ಅದೇ ದನಿ ತಲೆಯಲ್ಲಿ ಸುತ್ತತೊಡಗಿತು. ವಾರ ಕಳೆಯುವಷ್ಟರಲ್ಲಿ ನಾನು ಆಕೆಯ ಕಡೆಯವನಾಗಿದ್ದೆ.

ಆಮೇಲೆ ಶುರುವಾಯಿತು ನೋಡಿ ಕಾಟ. ಆಫೀಸಿನಲ್ಲಿ ಊಟದ ಹೊತ್ತಿಗೆ ಹಾಕಿದರೆ ಮೇಜಿನ ಸುತ್ತ ಎರಡು ಪಕ್ಷ. ಟೀಮ್ ಲೀಡರ್ ಮತ್ತು ನಾನು ಒಂದು ಕಡೆ, ಉಳಿದವರೆಲ್ಲ ಇನ್ನೊಂದು ಕಡೆ. ಪಕ್ಕದ ಸೀಟಿನ ಹುಡುಗಿ ಡಬ್ಬಿಯ ಮುಚ್ಚಳ ತೆಗೆಯುತ್ತ, “ಪಾಪಂ, ಆಮೆಕಿ ಜಲುಬಾ?” ಎಂದು ನಿಜವಾದ ಮರುಕದಿಂದ ಕೇಳಿದಳು. ನೆಗಡಿಯಲ್ಲಮ್ಮಾ, ಆಕೆಯ ದನಿಯೇ ಹಾಗೆ ಎಂದರೆ ಆ ಮರುಕ ಇನ್ನೂ ಹೆಚ್ಚಾಯಿತು. ಮತ್ತೊಬ್ಬ, ಇಂಥ ದನಿಯಲ್ಲಿ ಹಾಡಿ ಸಿ.ಡಿ. ತರುವಷ್ಟು ಧೈರ್ಯ ಇರುವ ದೇಶದಲ್ಲಿ ನೌಕರಿ ಸಿಗುವುದು ಕಷ್ಟವಲ್ಲ ಬಿಡು ಎಂದು ವೀಸಾದ ಮಾತಿಗೆ ಹೊರಳಿದ. ಒಬ್ಬರಾದರೂ ಒಂದು ಹಾಡನ್ನು ಕೊನೆಯವರೆಗೆ ಕೇಳಿ ಬೈದಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ಮನೆಯಲ್ಲಿ ಅಪ್ಪನಿದ್ದ. ಗುಲ್ಬರ್ಗದ ಕಡೆಯಿಂದ ಸರಕಾರಿ ನೌಕರಿಗೆಂದು ಬಂದು, ಹೈದರಾಬಾದಿನಲ್ಲೇ ನಿವೃತ್ತನಾದವನು. ಹಿಂದುಸ್ತಾನಿ ಬಿಟ್ಟು ಬೇರೆ ಸಂಗೀತವೇ ಇಲ್ಲ ಎನ್ನುವವನು. ಭಾನುವಾರ ಬೆಳಿಗ್ಗೆ ನಾನು ಸಿ.ಡಿ. ಹಾಕಿದರೆ ಪೇಪರು ಮಡಚಿಟ್ಟು, “ತಂಬೂರಿ ಬಿಟ್ಟು ಹಾಡಿದ್ರ ಹಿಂಗ ಆಗತೈತಿ ನೋಡು. ಬಂದ್ ಮಾಡು ಅದನ್ನ,” ಎನ್ನುತ್ತಿದ್ದ. ಮದುವೆಯಾಗಿ ಗುಲ್ಬರ್ಗದಲ್ಲಿದ್ದ ತಂಗಿ ಫೋನಿನಲ್ಲಿ ಹಿಂದಿನ ಸದ್ದು ಕೇಳಿ, “ಅಣ್ಣಾ, ಯಾರು ಅಳಾಕತ್ತಾರ ನಮ್ಮ ಮನ್ಯಾಗ?” ಎಂದು ಗಾಬರಿಯಾದಳು.

ಏನೂ ಹೇಳದೆ ಕೇಳುತ್ತಿದ್ದವಳು ಅವ್ವ ಒಬ್ಬಳೇ. ಅವಳು ಹಾಡು ಕೇಳುತ್ತಾಳೆ ಎಂದೇ ನನಗೆ ಗೊತ್ತಿರಲಿಲ್ಲ. ಒಂದು ಭಾನುವಾರ ಮೆಂತ್ಯ ಸೊಪ್ಪು ಸೋಸುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು.

“ಈಕಿಗೆ ಯಾರೂ ಹಾಡಬ್ಯಾಡ ಅನ್ನಲಿಲ್ಲೇನು?”

“ಅಂದಿರ್ತಾರವ್ವಾ. ಈಕಿ ಕೇಳಿರೂದಿಲ್ಲ.”

“ದನಿ ಒಡೀತೈತಲ್ಲೋ.”

ವಕೀಲ ಸುಮ್ಮನಿರುತ್ತಾನೆಯೇ. ಒಡಕೇ ಆಕೆಯ ದನಿ, ಒಡಕು ತೆಗೆದರೆ ಆಕೆ ಮತ್ಯಾರೋ ಆಗಿಬಿಡುತ್ತಾಳೆ, ಎಲ್ಲರ ಹಾಗೆ ಹಾಡುವವರು ಸಾವಿರ ಜನ ಸಿಗುತ್ತಾರೆ, ಈಕೆಯ ಹಾಗೆ ಹಾಡುವವಳು ಈಕೆ ಒಬ್ಬಳೇ ಎಂದೆಲ್ಲ ಕಾಲು ಗಂಟೆ ಭಾಷಣ ಬಿಗಿದೆ. ಆಫೀಸಿನಲ್ಲಿ ಯಾರೂ ಕೇಳದ ಭಾಷಣ. ಅವ್ವ ಪೂರ್ತಿ ಕೇಳಿದಳು, ತಲೆಯಾಡಿಸಿದಳು, ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಅವ್ವನ ದನಿಯ ಕಥೆ ನನಗೆ ಗೊತ್ತಿರಲಿಲ್ಲವೆಂದಲ್ಲ. ಮದುವೆಯಾಗಿ ಬಂದ ವರ್ಷ ದೇವರ ಮುಂದೆ ಆರತಿ ಹಾಡು ಹೇಳಿದಾಗ, ಅಪ್ಪನ ತಾಯಿ ಎಲ್ಲರೆದುರು, “ನಿನ್ನ ದನೀಗೆ ದೀಪ ಆರ್ತಾವವ್ವಾ, ಸುಮ್ಮನ ಗಂಟಿ ಬಾರಿಸು,” ಎಂದಿದ್ದರಂತೆ. ಅಂದಿನಿಂದ ಅವ್ವ ಗಂಟೆ ಬಾರಿಸುತ್ತಲೇ ಬಂದಿದ್ದಳು. ಮನೆಯಲ್ಲಿ ಇದನ್ನು ಎಲ್ಲರೂ ನಗೆಚಾಟಿಕೆಯಾಗಿ ಹೇಳುತ್ತಿದ್ದರು. ಅವ್ವನೂ ಜತೆಗೆ ನಗುತ್ತಿದ್ದಳು. ಅದರಲ್ಲಿ ನಗುವಂಥದ್ದು ಏನಿತ್ತೋ ಈಗ ತಿಳಿಯುತ್ತಿಲ್ಲ.

ತಂಗಿ ಬಸುರಿಯಾಗಿ ಏಳು ತಿಂಗಳಾದಾಗ ಕುಬಸ, ಅಂದರೆ ಸೀಮಂತ, ನಮ್ಮ ಮನೆಯಲ್ಲೇ ಎಂದು ನಿಶ್ಚಯವಾಯಿತು. ಅವ್ವನ ತವರಿನಲ್ಲಿ ಒಂದು ರೂಢಿಯಿತ್ತು: ಬಸುರಿ ಮಗಳಿಗೆ ಹಸಿರು ಕುಬಸ ತೊಡಿಸಿ ಉಡಿ ತುಂಬುವಾಗ ಹೆತ್ತ ತಾಯಿಯೇ ಹಾಡಬೇಕು. ಬೇರೆ ಯಾರು ಎಷ್ಟೇ ಚೆನ್ನಾಗಿ ಹಾಡಿದರೂ ಅದು ಲೆಕ್ಕಕ್ಕಿಲ್ಲ. ಅವ್ವನಿಗೆ ಅವಳ ತಾಯಿ ಹಾಗೆಯೇ ಹಾಡಿ ಉಡಿ ತುಂಬಿದ್ದರು. ಇದನ್ನೆಲ್ಲ ಅವ್ವ ನನಗೆ ಹೇಳಿದ್ದು ಅಡಿಗೆಮನೆಯಲ್ಲಿ, ಅಪ್ಪ ವಾಕಿಂಗಿಗೆ ಹೋದ ಮೇಲೆ.

“ನಾ ಹಾಡಬೇಕಂತ ಮಾಡೀನಿ. ಜನ ನಗತಾರೇನು?”

“ನಕ್ಕರ ನಗಲಿ. ನೀ ಹಾಡವ್ವಾ. ಮೈಕ್ ತರಸ್ತೀನಿ,” ಎಂದೆ. ಮೈಕು ಬೇಕೆಂದು ಅವಳು ಕೇಳಿರಲಿಲ್ಲ. ಅದು ನನ್ನದೇ ಹೆಚ್ಚುಗಾರಿಕೆ.

ಮುಂದಿನ ಹದಿನೈದು ದಿನ ಕುಕ್ಕರಿನ ಸೀಟಿಯ ಮರೆಯಲ್ಲಿ ಅವ್ವ ತಾಲೀಮು ಮಾಡಿದಳು. ಬಾಗಿಲಾಚೆ ನಿಂತು ಕೇಳಿದ್ದೇನೆ. ದನಿ ಒಡೆಯುತ್ತಿತ್ತು. ಒಡೆದಲ್ಲಿ ನಿಲ್ಲಿಸದೆ ಮುಂದೆ ಹೋಗುವುದನ್ನು ಅವಳು ಕಲಿಯುತ್ತಿದ್ದಳು. ನನ್ನ ಭಾಷಣದ ಫಲವೆಂದು ಹೆಮ್ಮೆಪಟ್ಟೆ.

ಕುಬಸದ ದಿನ ನಮ್ಮ ಅಪಾರ್ಟ್‌ಮೆಂಟಿನ ತಾರಸಿಯ ಮೇಲೆ ಶಾಮಿಯಾನ ಹಾಕಿಸಿದೆವು. ತಂಗಿಯ ಅತ್ತೆಯ ಮನೆಯವರು ಗುಲ್ಬರ್ಗದಿಂದ ಬಂದಿದ್ದರು. ನನ್ನ ಆಫೀಸಿನವರೂ ಬಂದು ಹಿಂದಿನ ಕುರ್ಚಿಗಳಲ್ಲಿ ಕುಳಿತಿದ್ದರು. ಸೌಂಡ್ ಸಿಸ್ಟಮ್ಮಿನವನು ಡಬ್ಬ ಇಳಿಸಿ, ಗುಂಡಿ ತೋರಿಸಿ, ಇನ್ನೊಂದು ಮನೆಗೆ ಹೋಗಿಬಿಟ್ಟ. ಹೀಗಾಗಿ ಅದರ ಹತ್ತಿರ ನಾನೇ ನಿಂತೆ. ತಂಗಿ ಹಸಿರು ಸೀರೆಯಲ್ಲಿ ಮಣೆಯ ಮೇಲೆ ಕುಳಿತಳು. ಅವ್ವ ಮೊರದಲ್ಲಿ ಅಕ್ಕಿ, ಉತ್ತತ್ತಿ, ಬಟ್ಟಲು ಕೊಬ್ಬರಿ ಇಟ್ಟುಕೊಂಡು ಅವಳ ಮುಂದೆ ನಿಂತು ಹಾಡತೊಡಗಿದಳು.

ಮೊದಲ ಸಾಲು ಸರಿಯಾಗೇ ಬಂತು. ಎರಡನೆಯದರಲ್ಲಿ ದನಿ ಮೇಲೇರಿ ಒಡೆಯಿತು. ಅಡಿಗೆಮನೆಯಲ್ಲಿ ಕೇಳಿದ್ದ ಒಡಕೇ, ಆದರೆ ಈಗ ಎರಡು ದೊಡ್ಡ ಸ್ಪೀಕರುಗಳಲ್ಲಿ, ಪಕ್ಕದ ಬಿಲ್ಡಿಂಗಿನವರೆಗೂ ಕೇಳುವ ಹಾಗೆ. ಮುಂದಿನ ಸಾಲಿನಲ್ಲಿ ಇಬ್ಬರು ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಅಂದು ನೆಗಡಿಯೇ ಎಂದು ಕೇಳಿದ್ದ ಆಫೀಸಿನ ಹುಡುಗಿ ಹಿಂದೆ ತಿರುಗಿ ಯಾರನ್ನೋ ನೋಡಿದಳು. ಅವ್ವ ನಿಲ್ಲಿಸಲಿಲ್ಲ. ಒಡೆದಲ್ಲಿಂದ ಮುಂದೆ ಹೋದಳು, ಮತ್ತೆ ಒಡೆಯಿತು. ಅವ್ವನ ಮಾನ ಕಾಪಾಡಬೇಕು ಎಂದೇ ಆ ಹೊತ್ತಿಗೆ ಅಂದುಕೊಂಡೆ. ಕಾಪಾಡಿಕೊಂಡದ್ದು ನನ್ನ ಮಾನವನ್ನು. ಮೈಕಿನ ಗುಂಡಿಯನ್ನು ಮೆಲ್ಲಗೆ ಸೊನ್ನೆಗೆ ತಿರುವಿ, ಶಹನಾಯಿಯ ಕ್ಯಾಸೆಟ್ಟು ಹಾಕಿಬಿಟ್ಟೆ.

ಶಹನಾಯಿ ಚೆನ್ನಾಗಿತ್ತು. ಎಲ್ಲರೂ ಹಾಡು ಮುಗಿಯಿತೆಂದುಕೊಂಡು ಮಾತಿಗೆ ತೊಡಗಿದರು. ಅವ್ವನ ತುಟಿ ಇನ್ನೊಂದು ಸಾಲಿನಷ್ಟು ಹೊತ್ತು ಅಲ್ಲಾಡಿ ನಿಂತಿತು. ಆಮೇಲೆ ಬಾಯಿ ಮುಚ್ಚಿಕೊಂಡು ಐದು ಬೊಗಸೆ ಅಕ್ಕಿಯನ್ನು ತಂಗಿಯ ಉಡಿಗೆ ಹಾಕಿದಳು.

ಊಟದ ಹೊತ್ತಿಗೆ ತಂಗಿಯ ಅತ್ತೆಯ ಕಡೆಯ ಒಬ್ಬ ಮುದುಕಿ ನನ್ನನ್ನು ತಡೆದು, “ಹಾಡು ಅರ್ಧಾಕ್ಕ ನಿಂತತಲ್ಲೋ ತಮ್ಮಾ. ಭಾಳ ದಿನದ ಮ್ಯಾಲ ಅಂಥ ದನಿ ಕೇಳಿದ್ದೆ,” ಎಂದಳು. ವೈರು ಸಡಿಲಾಗಿತ್ತು ಎಂದೆ. ಅಷ್ಟರಲ್ಲಿ ಅಪ್ಪ ಬಂದು ನನ್ನ ಬೆನ್ನು ತಟ್ಟಿ, ಮೆಲ್ಲಗೆ, “ಛಲೋ ಮಾಡಿದಿ. ಮರ್ಯಾದಿ ಉಳಸಿದಿ,” ಎಂದ. ಜೀವಮಾನದಲ್ಲಿ ಅಪ್ಪ ನನ್ನನ್ನು ಹೊಗಳಿದ್ದು ಎರಡೋ ಮೂರೋ ಸಲ. ಅದರಲ್ಲಿ ಇದೂ ಒಂದು ಎನ್ನುವುದಕ್ಕೆ ನನಗೆ ಇಂದಿಗೂ ಹೇಸಿಗೆಯಾಗುತ್ತದೆ.

ಅವ್ವನಿಗೂ ವೈರಿನ ಕಥೆಯನ್ನೇ ಹೇಳಿದೆ. ಪಾತ್ರೆ ಒರೆಸುತ್ತಿದ್ದವಳು, “ಹೌದೇನು,” ಎಂದಳು, ಅಷ್ಟೇ. ಬೈದಿದ್ದರೆ ನನಗೂ ಒಂದು ದಾರಿಯಿರುತ್ತಿತ್ತು. ಮರುದಿನ ಕುಕ್ಕರು ಕೂಗಿತು, ಅವ್ವ ಹಾಡಲಿಲ್ಲ. ನಾನು ಸಿ.ಡಿ. ಹಾಕುವುದನ್ನು ಬಿಟ್ಟೆ. ಆಫೀಸಿನಲ್ಲಿ ಯಾರಾದರೂ ಆ ಹಾಡುಗಾರ್ತಿಯನ್ನು ಅಣಕಿಸಿದರೆ ವಾದಕ್ಕೆ ಇಳಿಯಲಿಲ್ಲ. ಯಾವ ಬಾಯಿಂದ ವಾದಿಸಲಿ.

ತಂಗಿ ಹೆತ್ತಳು, ಗಂಡು ಮಗು. ತೊಟ್ಟಿಲಿಗೆ ಹಾಕುವ ದಿನ ಮನೆಯ ಮಟ್ಟಿಗೆ ಹತ್ತು ಜನ ಸೇರಿದ್ದೆವು, ಪಡಸಾಲೆಯಲ್ಲೇ. ಜೋಗುಳ ಹೇಳಲು ಪಕ್ಕದ ಮನೆಯವರನ್ನು ಕರೆಯೋಣ ಎಂದು ಅಪ್ಪ ಹೇಳುತ್ತಿದ್ದಾಗ ತಂಗಿ ತಡೆದಳು.

“ಯಾರೂ ಬ್ಯಾಡ. ಅವ್ವ ಹಾಡ್ತಾಳ. ಅವತ್ತು ನನಗ ಅರ್ಧಾನ ಸಿಕ್ಕೈತಿ.”

ಅವ್ವ ತೊಟ್ಟಿಲಿನ ಹಗ್ಗ ಹಿಡಿದು ನಿಂತಿದ್ದಳು. ಅಪ್ಪನ ಕಡೆ ನೋಡಲಿಲ್ಲ. ನನ್ನ ಕಡೆ ತಿರುಗಿದಳು.

“ಇವತ್ತು ಮೈಕ್ ಇಲ್ಲಲ್ಲಪಾ?”

“ಇಲ್ಲವ್ವಾ.”

“ಹಂಗಾರ ನೀ ತಿರುವಾಕ ಏನೂ ಇಲ್ಲ. ಅಲ್ಲೇ ಕುಂದ್ರು,” ಎಂದಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಏನೂ ಇರಲಿಲ್ಲ. ಕುಬಸದ ದಿನವೇ ಅವಳು ಗುಂಡಿಯ ಮೇಲಿದ್ದ ನನ್ನ ಕೈ ನೋಡಿದ್ದಳು.

ಕುಳಿತೆ. ಅವ್ವ ಜೋಗುಳವನ್ನು ಪೂರ್ತಿ ಹಾಡಿದಳು, ಒಡೆದಲ್ಲೆಲ್ಲ ಒಡೆಯಲು ಬಿಟ್ಟು. ಅಪ್ಪ ಎದ್ದು ಬಾಲ್ಕನಿಗೆ ಹೋದ. ತಂಗಿ ಅತ್ತಳು. ಆ ದನಿ ಚೆನ್ನಾಗಿದೆಯೋ ಇಲ್ಲವೋ ಎಂದು ಇಷ್ಟು ವರ್ಷಗಳಾದರೂ ನಾನು ಹೇಳಲಾರೆ. ಅವಳು ಹಾಡಲು ಶುರು ಮಾಡಿದ ಕೂಡಲೇ ನನಗೆ ದನಿ ಕೇಳಿಸುವುದೇ ಇಲ್ಲ, ನನ್ನ ಕೈ ಕಾಣಿಸುತ್ತದೆ.