ಹೆಡ್‌ಮಾಸ್ಟರ ಸ್ಕೂಟರು ನಿಂತ ವಾರ

ಇಂಟರ್‌ವ್ಯೂ ಮುಗಿದ ಮೇಲೆ ‘ಎರಡು ದಿನದಲ್ಲಿ ಫೋನ್ ಮಾಡ್ತೀವಿ’ ಅನ್ನುತ್ತಾರಲ್ಲ, ಆ ಎರಡು ದಿನ ಯಾವ ಕ್ಯಾಲೆಂಡರಿನಲ್ಲಿ ಬರುತ್ತವೋ ದೇವರಿಗೇ ಗೊತ್ತು. ಬಿ.ಎಡ್. ಮುಗಿಸಿದ ವರ್ಷ, ಚಿಕ್ಕನಾಯಕನಹಳ್ಳಿಯಿಂದ ಸ್ವಲ್ಪ ಆಚೆಗಿದ್ದ ಒಂದು ಖಾಸಗಿ ಹೈಸ್ಕೂಲಿಗೆ ಗಣಿತದ ಟೀಚರ್ ಕೆಲಸಕ್ಕೆಂದು ಹೋಗಿ ಬಂದಿದ್ದೆ. ಡೆಮೊ ಕ್ಲಾಸಿನಲ್ಲಿ ಭಿನ್ನರಾಶಿ ಹೇಳಿಕೊಡುವಾಗ ಹೆಡ್‌ಮಾಸ್ಟರು ಒಮ್ಮೆ ತಲೆದೂಗಿದ್ದರು. ಅದೊಂದನ್ನೇ ನಂಬಿಕೊಂಡು ಎರಡು ಚೂಡಿದಾರ್ ಹೊಲಿಯಲು ಕೊಟ್ಟುಬಿಟ್ಟೆ. ನಮ್ಮ ವಂಶದಲ್ಲಿ ಕೆಲಸಕ್ಕೆ ಹೋದ ಹೆಣ್ಣುಮಗಳು ಒಬ್ಬಳೂ ಇಲ್ಲ. ಆ ಕೆಲಸ ನನಗೆ ಬೇಕೇ ಬೇಕಿತ್ತು.

ಮೂರನೆಯ ದಿನ ಶಾಲೆಗೆ ಫೋನ್ ಮಾಡಿದೆ. ‘ಸಾರ್ ಮೀಟಿಂಗಲ್ಲವ್ರೆ’ ಎಂದರು ಗುಮಾಸ್ತರು. ನಾಲ್ಕನೆಯ ದಿನವೂ ಮೀಟಿಂಗು. ಹೆಡ್‌ಮಾಸ್ಟರಿಗೇ ಒಂದು ಮೆಸೇಜು ಬರೆದೆ, ಅಳಿಸಿದೆ, ‘ದಯವಿಟ್ಟು’ ಸೇರಿಸಿದೆ, ಬೇಡಿಕೊಂಡಂತಾಯಿತೆಂದು ತೆಗೆದೆ, ಕೊನೆಗೆ ಕಣ್ಣು ಮುಚ್ಚಿ ಕಳಿಸಿದೆ. ಎರಡು ನೀಲಿ ಗೆರೆ ಬಂದವು. ಉತ್ತರ ಬರಲಿಲ್ಲ.

ನಮ್ಮ ಅಬ್ಬಾ ಬಸ್ ಸ್ಟ್ಯಾಂಡಿನ ಹತ್ತಿರ ಗಾಡಿ ರಿಪೇರಿ ಮಾಡುತ್ತಾರೆ. ಕಾಯಿಮೂಟೆ ಹೊತ್ತು ಹೊತ್ತು ಸೊಂಟ ಬಿದ್ದ ಮೊಪೆಡ್ಡುಗಳೆಲ್ಲ ಕಂದಿಕೆರೆ ಕಡೆಯಿಂದಲೂ ಅವರನ್ನೇ ಹುಡುಕಿಕೊಂಡು ಬರುತ್ತವೆ. ಮನೆಯಲ್ಲಿ ನಮ್ಮದು ಉರ್ದು. ಅಂಗಡಿಗೆ ಕಾಲಿಟ್ಟರೆ ಅಬ್ಬಾ ನನ್ನ ಜೊತೆಯೂ ಕನ್ನಡವೇ. ಸಂಜೆಗೆ ಕೊಡುತ್ತೇನೆ ಎಂದರೆ ಸಂಜೆಗೆ ಗಾಡಿ ಸಿದ್ಧ, ಆ ವಿಷಯದಲ್ಲಿ ಅವರಿಗೆ ವಿಪರೀತ ಜಂಬ.

ಐದನೆಯ ದಿನ ಆ ಹೆಡ್‌ಮಾಸ್ಟರೇ ತಮ್ಮ ಹಳೆಯ ಸ್ಕೂಟರನ್ನು ತಳ್ಳಿಕೊಂಡು ಅಂಗಡಿಗೆ ಬಂದರಂತೆ. ಆ ಕಾಲದ ಸ್ಕೂಟರಿಗೆ ಕೈ ಹಾಕುವವರು ಊರಿನಲ್ಲಿ ಅಬ್ಬಾ ಒಬ್ಬರೇ. ಸುದ್ದಿ ಕೇಳಿ ನಾನು ಕುಣಿದಾಡಿದೆ. ‘ಏನಾದ್ರೂ ಹೇಳಿದ್ರಾ?’ ಎಂದರೆ ಅಬ್ಬಾ, ‘ಗಾಡಿ ವಿಷ್ಯ ಮಾತಾಡಿದ್ರು’ ಎಂದು ಊಟಕ್ಕೆ ಕೂತರು. ಮರುದಿನ ಕೇಳಿದೆ, ಅದೇ ಉತ್ತರ. ಅದರ ಮರುದಿನವೂ ಅದೇ.

ಹೀಗೆ ನಾಲ್ಕು ದಿನ ಕಳೆದ ಮೇಲೆ, ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಅಂಗಡಿಗೆ ಹೋದರೆ ಹೆಡ್‌ಮಾಸ್ಟರು ಅಲ್ಲೇ ನಿಂತಿದ್ದರು.

“ಪಾರ್ಟು ತುಮಕೂರಿಂದ ಬರ್ಬೇಕು ಮೇಷ್ಟ್ರೇ, ನಾಳೆ ನೋಡಾನ” ಎಂದರು ಅಬ್ಬಾ.

“ಆಗ್ಲಿ ಬುಡಿ, ನಂಗೇನೂ ಅರ್ಜೆಂಟಿಲ್ಲ” ಎಂದ ಹೆಡ್‌ಮಾಸ್ಟರು ನನ್ನನ್ನು ಕಂಡದ್ದೇ ಛತ್ರಿ ಬಿಚ್ಚಿಕೊಂಡು ಬಸ್ ಸ್ಟ್ಯಾಂಡಿನತ್ತ ಹೊರಟೇಬಿಟ್ಟರು. ಮೋಡವೂ ಇಲ್ಲ, ಅಂಥ ಬಿಸಿಲೂ ಇರಲಿಲ್ಲ.

ನನಗೇಕೋ ಅನುಮಾನ ಬಂತು. ಸ್ಕೂಟರಿನ ಕಿಕ್ಕರ್ ಒದ್ದೆ. ಒಂದೇ ಏಟಿಗೆ ಸ್ಟಾರ್ಟ್ ಆಯಿತು! ಅಬ್ಬಾ ಬಟ್ಟೆ ತುಂಡಿನಿಂದ ಕೈ ಒರೆಸುತ್ತಾ ಎಲ್ಲೋ ನೋಡುತ್ತಿದ್ದರು.

“ಯಾವಾಗ ರಿಪೇರಿ ಆಯ್ತು ಇದು?”

“ತಂದ ದಿನಾನೇ. ಕಾರ್ಬೊರೇಟರಲ್ಲಿ ಕಸ ಇತ್ತು ಅಷ್ಟೇ.”

ನನ್ನ ಮೈಯೆಲ್ಲ ಉರಿದುಹೋಯಿತು. “ಮಗಳಿಗೆ ಕೆಲಸ ಕೊಡ್ಲಿ ಅಂತ ಗಾಡಿ ಒತ್ತೆ ಇಟ್ಕೊಂಡವ್ರೆ ಅಂತಾರೆ ಜನ! ನನ್ನ ಮಾನ ಕಳೆದ್ರಲ್ಲ ಅಬ್ಬಾ!” ಎಂದು ಕೂಗಾಡಿದೆ. ಪಕ್ಕದ ಟೀ ಅಂಗಡಿಯವರು ಲೋಟ ತೊಳೆಯುವುದನ್ನೇ ನಿಲ್ಲಿಸಿದರು. ಡಬ್ಬಿಯನ್ನು ಅಲ್ಲೇ ಕುಕ್ಕಿ, ಸ್ಕೂಟರು ಹತ್ತಿ ಸೀದಾ ಶಾಲೆಗೆ ಹೊರಟೆ. ಬಸ್ಸಿಗಿಂತ ನಾನೇ ಮೊದಲು ತಲುಪಿದೆ.

ಬಸ್ಸಿಳಿದು ಬಂದ ಹೆಡ್‌ಮಾಸ್ಟರಿಗೆ ಗೇಟಿನಲ್ಲೇ ಕೀಲಿ ಕೊಟ್ಟು, ನೇರವಾಗಿ ಕೇಳಿದೆ. “ಸಾರ್, ನನ್ನ ಕೆಲಸ ಏನಾಯ್ತು?”

ಅವರು ಛತ್ರಿ ಮಡಿಸಿದರು, ಮತ್ತೆ ಬಿಚ್ಚಿದರು. “ಅನುಭವ ಇದ್ದೋರೊಬ್ರು ಬಂದ್ರು ಕಣಮ್ಮ. ಕಮಿಟಿಯೋರು ಆವತ್ತೇ ಅವ್ರನ್ನ ತಗೊಂಡ್ರು.”

“ಒಂದು ಮೆಸೇಜ್ ಹಾಕೋಕೆ ಏನಾಗಿತ್ತು ಸಾರ್?”

“ಹೇಳಾನ ಅಂತ್ಲೇ ದಿನಾ ಅಂಗ್ಡಿಗೆ ಬತ್ತಿದ್ದೆ. ಇಪ್ಪತ್ತು ವರ್ಷದಿಂದ ನನ್ ಗಾಡಿ ನೋಡ್ಕೊಂಡೋರು ನಿಮ್ಮಪ್ಪ. ಅವ್ರ ಮುಖ ನೋಡಿದ್ರೆ ಬಾಯೇ ಬತ್ತಿರ್ಲಿಲ್ಲ. ಪಾರ್ಟು ಬಂದಿಲ್ಲ ಅಂದ್ರೆ, ಸದ್ಯ ಇವತ್ತು ತಪ್ಪಿತು ಅಂತ ಬಸ್ ಹತ್ತುತಿದ್ದೆ.”

ಬೈಯಬೇಕೆಂದು ಹೋದವಳಿಗೆ ಆ ದೊಡ್ಡ ಮನುಷ್ಯನ ಪೆಚ್ಚುಮೋರೆ ನೋಡಿ ಬೈಗುಳವೇ ಹೊರಡಲಿಲ್ಲ. ಬಸ್ಸಿನಲ್ಲಿ ವಾಪಸು ಬಂದೆ. ದಾರಿಯುದ್ದಕ್ಕೂ ಅಬ್ಬಾನಿಗೆ ಹೇಗೆ ಹೇಳುವುದೆಂಬ ಯೋಚನೆ. ಅವರು ಸಂತೆಬೀದಿಗೆಲ್ಲ ‘ನನ್ ಮಗಳು ಟೀಚರ್’ ಎಂದು ಆಗಲೇ ಹೇಳಿಕೊಂಡು ಬಂದಿದ್ದರು.

ಅಂಗಡಿಯಲ್ಲಿ ಡಬ್ಬಿ ಇಟ್ಟ ಹಾಗೇ ಇತ್ತು. ನಾನು ಬಂದು ಸ್ಟೂಲಿನ ಮೇಲೆ ಕೂತೆ.

“ಆಗ್ಲಿಲ್ಲ ಅಬ್ಬಾ.”

“ಗೊತ್ತು.”

“ಯಾವಾಗಿಂದ?”

“ಗಾಡಿ ತಂದ ದಿನಾನೇ. ಕೆಲ್ಸ ಆಗಿದ್ರೆ ಮೇಷ್ಟ್ರು ಗಾಡಿ ಸ್ಟ್ಯಾಂಡ್ ಹಾಕೋಕೆ ಮುಂಚೆನೇ ಹೇಳ್ತಿದ್ರು. ಆವಯ್ಯ ನನ್ ಮುಖಾನೇ ನೋಡ್ಲಿಲ್ಲ.”

“ಮತ್ತೆ ಗಾಡಿ ಯಾಕೆ ಇಟ್ಕೊಂಡ್ರಿ?”

ಅಬ್ಬಾ ಸ್ಪ್ಯಾನರನ್ನು ತಿರುಗಿಸಿ ತಿರುಗಿಸಿ ನೋಡಿದರು. “ಗಾಡಿ ಕೊಟ್ರೆ, ಕೆಲ್ಸ ಇಲ್ಲ ಅಂತ ಹೇಳಿ ಹೋಗ್ಬುಡ್ತಿದ್ರು. ದಿನಾ ಬೆಳಿಗ್ಗೆ ನೀನು ಅಡುಗೆಮನೆ ಗೋಡೆಗೆ ಪಾಠ ಮಾಡ್ತಿದ್ಯಲ್ಲ, ‘ಮಕ್ಕಳೇ, ಇಲ್ಲಿ ನೋಡಿ’ ಅಂತ... ಈಚೆ ಕೂತು ಟೀ ಕುಡೀತಾ ಕೇಳ್ತಿದ್ದೆ. ಇನ್ನೊಂದಿನ ನಡೀಲಿ, ಇನ್ನೊಂದಿನ ನಡೀಲಿ ಅನ್ನಿಸ್ತಿತ್ತು ಕಣೇ.”

ಎಂಥ ಅಪ್ಪ ಸ್ವಾಮಿ ಇದು! ಕೆಲಸ ಹೋಯಿತೆಂದು ಶಾಲೆಯಲ್ಲಿ ಬಾರದ ಅಳು ಈಗ ಒತ್ತರಿಸಿಕೊಂಡು ಬಂತು. ಗ್ರೀಸ್ ಮೆತ್ತಿದ್ದ ಅವರ ತೋಳಿಗೆ ಮುಖ ಒತ್ತಿ, ನಡುಬೀದಿ ಎಂಬುದನ್ನೂ ಮರೆತು ಅತ್ತುಬಿಟ್ಟೆ. ಅಬ್ಬಾ ನನ್ನನ್ನು ಸಮಾಧಾನ ಮಾಡಲಿಲ್ಲ, ಅವರೂ ಅಳುತ್ತಿದ್ದರು.