ಮಂಜುಗಡ್ಡೆ ಹಾಕದ ನಳಿಕೆಗಳು

ವಿಶ್ವವಿದ್ಯಾಲಯದ ನೆಲಮಾಳಿಗೆಯಲ್ಲಿ ರಕ್ತದ ಮಾದರಿಗಳನ್ನು ಕಾಯುವ ಹೆಂಗಸಿಗೆ ಎಲ್ಲರೂ ಇಟ್ಟ ಹೆಸರು ಗಡಿಯಾರದಕ್ಕ. ಅವಳಿಗಿಂತ ಆರು ವರ್ಷ ದೊಡ್ಡವರಾದ ಪ್ರೊಫೆಸರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಯಾವ ನಳಿಕೆಗೆ ಎಷ್ಟು ಹೊತ್ತಿಗೆ ರಕ್ತ ತುಂಬಿದರು, ಎಷ್ಟು ಹೊತ್ತಿಗೆ ಅದನ್ನು ಗಿರಗಿರನೆ ತಿರುಗಿಸಿ ಸೀರಂ ಎಂಬ ತಿಳಿಯನ್ನು ಬೇರೆ ಮಾಡುವ ಯಂತ್ರಕ್ಕೆ ಹಾಕಿದರು, ನಡುವೆ ಅದು ಎಲ್ಲಿ ಕಾದಿತ್ತು, ಇಷ್ಟನ್ನೂ ಹದಿನೆಂಟು ವರ್ಷಗಳಿಂದ ನೋಟ್‌ಬುಕ್ಕಿನಲ್ಲಿ ಬರೆಯುತ್ತ ಬಂದಿದ್ದಳು. ಬರೆಯೆಂದು ಯಾರೂ ಹೇಳಿರಲಿಲ್ಲ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ ಬಂದವರೆದುರು ಕಾಲೆಳೆಯುತ್ತಿದ್ದ: “ನಮ್ಮ ಮದುವೆ ಯಾವ ವರ್ಷ ಆಯ್ತು ಅಂತ ಕೇಳಿ, ತಡವರಿಸ್ತಾಳೆ. ಯಾರದ್ದೋ ರಕ್ತ ತೆಗೆದ ಹೊತ್ತು ಕೇಳಿ, ನಿಮಿಷದ ಸಮೇತ ಒಪ್ಪಿಸ್ತಾಳೆ!”

ದುಡಿಯುವ ವಯಸ್ಸಿನವರ ಮೂತ್ರಪಿಂಡಗಳು ಕಾರಣವೇ ತಿಳಿಯದೆ ಕೆಡುತ್ತಿದ್ದವು. ಒಂದು ಊರಿನಲ್ಲಿ ಸಿಗುವ ರೋಗಿಗಳಿಂದ ಏನೂ ಹೇಳಲಾಗುತ್ತಿರಲಿಲ್ಲವಾದ್ದರಿಂದ ಐದು ವಿಶ್ವವಿದ್ಯಾಲಯಗಳು ಒಂದಾದವು. ಪ್ರೊಫೆಸರುಗಳು ಸೇರಿ ನಲವತ್ತು ಪುಟದ ನಿಯಮಾವಳಿ ಮಾಡಿದರು. ಫ್ರೀಜರಿನ ಉಷ್ಣತೆ, ಚೀಟಿಯ ಅಳತೆ, ಶಾಯಿಯ ಬಣ್ಣ, ಎಲ್ಲವೂ ಅದರಲ್ಲಿದ್ದವು.

ರಕ್ತ ಕೊಡಲು ಬಂದವರಲ್ಲಿ ಲಾಂಡ್ರಿಯಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳಿದ್ದಳು. ಇಬ್ಬರು ಅಣ್ಣಂದಿರನ್ನು ಇದೇ ಕಾಯಿಲೆಗೆ ಕಳೆದುಕೊಂಡವಳು. “ಇದು ಯಾರ ಉಪಯೋಗಕ್ಕಾದ್ರೂ ಬರುತ್ತಾ, ಇಲ್ಲ ಹಾಗೇ ಬಿದ್ದಿರುತ್ತಾ?” ಎಂದು ಕೇಳಿದ್ದಳು. “ಒಂದು ಹನೀನೂ ಹಾಳಾಗೋಕೆ ಬಿಡಲ್ಲಮ್ಮ” ಎಂದು ಅಕ್ಕ ಮಾತು ಕೊಟ್ಟಿದ್ದಳು. ಅಂಥ ಸಾವಿರದ ನೂರ ನಲವತ್ತು ಜನರ ಸೀರಂ ಅವಳ ಫ್ರೀಜರುಗಳಲ್ಲಿತ್ತು.

ಎರಡನೆಯ ವರ್ಷ ಪ್ರೊಫೆಸರ್ ಕಾಗದವೊಂದನ್ನು ಹಿಡಿದು ಮೆಟ್ಟಿಲಿಳಿದು ಬಂದರು. ಮುಖ ಬಾಡಿತ್ತು.

“ಉಳಿದ ನಾಲ್ಕೂ ಕಡೆ ರಕ್ತದಲ್ಲಿ ಪೊಟ್ಯಾಸಿಯಂ ಜಾಸ್ತಿ ಬಂದಿದೆ ಅಕ್ಕ, ನಮ್ಮದು ಮಾತ್ರ ಕಡಿಮೆ. ನಮ್ಮ ಮಾದರಿ ಕೆಟ್ಟಿರಬೇಕು, ಪೂರ್ತಿ ಕೈಬಿಡೋಣ ಅಂತಿದ್ದಾರೆ. ಮುಂದಿನ ತಿಂಗಳು ತೀರ್ಮಾನ.”

“ನಾಲ್ಕು ಜನ ಹೇಳಿದ ಮಾತ್ರಕ್ಕೆ ನಾವು ಕೆಟ್ಟಿದ್ದೇವಾ ಸರ್?”

“ಹಾಗಲ್ಲ ಅನ್ನೋಕೆ ನನ್ನ ಹತ್ತಿರ ಏನಿದೆ ಹೇಳಿ.”

ಅವಳು ನೋಟ್‌ಬುಕ್ಕುಗಳನ್ನು ತಿರುವಿದಳು. ತನ್ನ ಕಡೆ ತಪ್ಪು ಸಿಗಲಿಲ್ಲ. ಹಾಗಾದರೆ ಉಳಿದವರು ಏನು ಮಾಡುತ್ತಾರೆ? ಎರಡು ವರ್ಷ ಒಟ್ಟಿಗೆ ದುಡಿದರೂ ಐದು ನೆಲಮಾಳಿಗೆಗಳ ಜನ ಒಮ್ಮೆಯೂ ಮಾತಾಡಿರಲಿಲ್ಲ. ಮಾತೆಲ್ಲ ಮೇಲಿನ ಮಹಡಿಗಳಲ್ಲೇ ನಡೆಯುತ್ತಿತ್ತು. ಪ್ರೊಫೆಸರರ ಒಪ್ಪಿಗೆ ಪಡೆದು ಅವಳೇ ಪಕ್ಕದೂರಿನ ನೆಲಮಾಳಿಗೆಯವನಿಗೆ ಮೊದಲು ಫೋನ್ ಹಚ್ಚಿದಳು.

“ಅಣ್ಣಾ, ಹೊಸಬರಿಗೆ ಕೆಲಸ ಕಲಿಸ್ತೀರಲ್ಲ, ಹಾಗೆ ನನಗೂ ಹೇಳಿ. ಸೂಜಿ ತೆಗೆದಲ್ಲಿಂದ ಶುರು ಮಾಡಿ.”

“ಅದರಲ್ಲಿ ಹೇಳೋಕೇನಿದೆ ಅಕ್ಕ? ನಳಿಕೆ ತುಂಬಿದ ತಕ್ಷಣ ಐಸ್ ಡಬ್ಬಿಗೆ ಹಾಕ್ತೀವಿ. ಮಾದರಿ ಒಯ್ಯೋ ಗಾಡಿ ಬರೋದು ಎರಡು ಮೂರು ಗಂಟೆ ಆಗುತ್ತೆ...”

“ಐಸಾ?”

“ಮತ್ತೆ? ನೀವು ಹಾಕಲ್ವಾ?”

“ಮೇಜಿನ ಮೇಲಿರುತ್ತೆ.”

“ಮೀನು ಮಾರೋರೂ ಐಸ್ ಹಾಕ್ತಾರಲ್ಲ ಅಕ್ಕ!”

ಉಳಿದ ಮೂವರೂ ಅದನ್ನೇ ಹೇಳಿದರು. ಇದನ್ನೂ ಹೇಳಬೇಕೆ ಎಂದುಕೊಂಡು ಐವರೂ ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ನಲವತ್ತು ಪುಟಗಳಲ್ಲಿ ಆ ಒಂದು ಸಾಲು ಇರಲೇ ಇಲ್ಲ.

ಸುದ್ದಿ ಕೇಳಿದ ಪ್ರೊಫೆಸರ್ ಹಣೆ ಚಚ್ಚಿಕೊಂಡರು. “ತಣ್ಣಗಾದರೆ ರಕ್ತಕಣದೊಳಗಿನ ಪೊಟ್ಯಾಸಿಯಂ ಹೊರಗೆ ಸೋರುತ್ತೆ. ಓದಿ, ಬರೆದು, ಪಾಸಾದ ವಿಷಯ! ಆದರೆ ನಾವು ಬಾಯಲ್ಲಿ ಹೇಳಿದರೆ ಅವರು ನಂಬಲ್ಲ.”

“ಹೇಳೋದು ಬೇಡ ಸರ್, ತೋರಿಸೋಣ. ಒಂದೇ ತೋಳು, ಎರಡು ನಳಿಕೆ. ಒಂದು ಐಸಿಗೆ, ಒಂದು ಮೇಜಿಗೆ. ಐದೂ ಕಡೆ, ಒಂದೇ ದಿನ.”

“ತೋಳು ಯಾರದ್ದು?”

ಅವಳು ಸೀರೆಯ ಸೆರಗು ಸರಿಸಿ ತನ್ನದನ್ನೇ ಚಾಚಿದಳು.

ಒಂದು ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಐದು ಊರುಗಳಲ್ಲಿ ಒಟ್ಟು ಇಪ್ಪತ್ತು ಜನ ತೋಳು ಚಾಚಿದರು. ನೆಲಮಾಳಿಗೆಯವರು, ಗಾಡಿಯ ಡ್ರೈವರುಗಳು, ನರ್ಸುಗಳು, ಮರುಮಾತಾಡದೆ ಪ್ರೊಫೆಸರುಗಳೂ. ನಳಿಕೆಗಳು ಮೂರು ಗಂಟೆ ಕಾದವು. ಇಳಿಮಧ್ಯಾಹ್ನದ ಹೊತ್ತಿಗೆ, ಐದೂ ಊರಿನವರು ಕೂಡಿದ್ದ ವಿಡಿಯೊ ಸಭೆಯ ಪರದೆಯ ಮೇಲೆ ಒಂದೊಂದೇ ಸಂಖ್ಯೆ ಬಂದು ಕೂರತೊಡಗಿತು. ಐಸಿನಲ್ಲಿಟ್ಟದ್ದು ಹೆಚ್ಚು, ಮೇಜಿನದು ಕಡಿಮೆ. ಎರಡನೆಯ ಊರಿನಲ್ಲೂ ಹಾಗೇ. ಮೂರನೆಯದರಲ್ಲೂ, ಕೊನೆಗೆ ಐದರಲ್ಲೂ.

ಅಕ್ಕನ ಮೈ ಜುಮ್ಮೆಂದಿತು. ತಾನು ಗೆದ್ದೆನೆಂದಲ್ಲ. ಬೇರೆ ಬೇರೆ ಮನೆಯಲ್ಲಿ ಹುಟ್ಟಿ, ಬೇರೆ ಬೇರೆ ಅನ್ನ ಉಂಡು ಬೆಳೆದ, ಹೆಚ್ಚಿನವರು ಒಬ್ಬರ ಮುಖ ಒಬ್ಬರು ನೋಡದ ಇಪ್ಪತ್ತು ಮಂದಿ; ಆದರೂ ಚಳಿ ತಾಕಿದಾಗ ಆ ಇಪ್ಪತ್ತೂ ರಕ್ತಗಳು ಮಾತಾಡಿಕೊಂಡಂತೆ ಒಂದೇ ಕಡೆಗೆ ವಾಲಿದ್ದವು. ಹದಿನೆಂಟು ವರ್ಷ ಕೈಯಲ್ಲಿ ಹಿಡಿದ ವಸ್ತುವನ್ನು ಅವಳು ಇವತ್ತು ಮೊದಲ ಸಲ ಕಂಡಂತಿತ್ತು.

ಪರದೆಯಿಂದ, ಐದೂ ಕಡೆಯ ಕೆಲಸ ನೋಡಿಕೊಳ್ಳುವ ಮುಖ್ಯ ಸಂಯೋಜಕಿಯ ದನಿ ಬಂತು. “ಒಪ್ಪಿದೆವು. ಪೊಟ್ಯಾಸಿಯಂಗೆ ನಿಮ್ಮ ಮಾದರಿಗಳೇ ಆಧಾರ. ಸಾವಿರದ ನೂರ ನಲವತ್ತೂ ಉಳೀತವೆ. ಬಿಡೋದು ನಮ್ಮ ನಾಲ್ಕು ಕಡೆಯ ಪೊಟ್ಯಾಸಿಯಂ ಅಂಕಿಗಳನ್ನ.”

ಪ್ರೊಫೆಸರ್ ಇನ್ನೇನು ಚಪ್ಪಾಳೆ ತಟ್ಟಬೇಕು, ಅಷ್ಟರಲ್ಲಿ ಅಕ್ಕ ಬಾಯಿ ಹಾಕಿದಳು. “ಮೇಡಂ, ಇನ್ನೊಂದು ಸಾಲು ನೋಡಿ. ಮೇಜಿನ ಮೇಲಿಟ್ಟದ್ದರಲ್ಲಿ ಸಕ್ಕರೆ ಇಳಿದಿದೆ. ಕಣಗಳು ತಿಂದುಬಿಟ್ಟಿವೆ. ಸಕ್ಕರೆ ವಿಷಯದಲ್ಲಿ ನೀವೇ ಸರಿ. ನಮ್ಮ ಆ ಅಂಕಿಗಳನ್ನ ತೆಗೆದುಬಿಡಿ.”

“ಅಕ್ಕ, ಸ್ವಲ್ಪ ಹೊತ್ತು ಸುಮ್ಮನಿದ್ದಿದ್ದರೆ ಏನಾಗ್ತಿತ್ತು?” ಎಂದು ಪ್ರೊಫೆಸರ್ ಪಿಸುಗುಟ್ಟಿದರು.

“ಅವರ ಕಡೆಯದೂ ಯಾರದ್ದೋ ರಕ್ತಾನೇ ಅಲ್ವಾ ಸರ್.”

ಮೀನಿನ ಮಾತಾಡಿದ್ದ ಅಣ್ಣ ಪರದೆಯಲ್ಲಿ ಜೋರಾಗಿ ನಕ್ಕ. ಆಮೇಲೆ ಎಲ್ಲರೂ ಕುರ್ಚಿ ಎಳೆದುಕೊಂಡು, ಇನ್ನು ಮೇಲೆ ಪ್ರತಿಯೊಬ್ಬರಿಂದ ಎರಡು ನಳಿಕೆ ತೆಗೆದು, ಯಾವುದನ್ನು ಎಲ್ಲಿ, ಎಷ್ಟು ನಿಮಿಷ ಕಾಯಿಸಬೇಕೆಂದು ಬರೆಯಲು ಕೂತರು. ನೆಲಮಾಳಿಗೆಯ ಐವರು ಹೇಳುತ್ತಿದ್ದರು, ಮೇಲಿನ ಮಹಡಿಯವರು ಬರೆದುಕೊಳ್ಳುತ್ತಿದ್ದರು.