ವೇಲಚೇರಿಗೆ ಹೋಗಿಬಂದ ಎಡಗಡೆಯ ಟೈರು

ವೆಸ್ಟ್ ಮಾಂಬಲಂನಿಂದ ವೇಲಚೇರಿಗೆ ಹೆಚ್ಚೆಂದರೆ ಹತ್ತು ಕಿಲೋಮೀಟರು. ಇದೂ ಒಂದು ಪ್ರವಾಸವಾ ಎಂದು ನಗಬೇಡಿ. ಮುದಿ ಅಮ್ಮ, ಅಪ್ಪ ಬಿಟ್ಟುಹೋದ, ಅವಳಷ್ಟೇ ಹಟದ ಹಳೆಯ ಕಾರು, ಮೇಲೆ ಮೇ ತಿಂಗಳ ಮದರಾಸಿನ ಬಿಸಿಲು. ಇಷ್ಟನ್ನು ಕಟ್ಟಿಕೊಂಡು ಹೊರಟವಳಿಗೇ ಗೊತ್ತು ದಾರಿ ಎಷ್ಟು ಉದ್ದ ಎಂದು.

ಹೊರಟದ್ದು ಕಾರನ್ನು ಉಳಿಸಿಕೊಳ್ಳಲಿಕ್ಕೆ. ಮುಂದಿನ ಎಡ ಟೈರು ಒಳ ಅಂಚಿನಲ್ಲಿ ಮಾತ್ರ ಸವೆದು ಬೋಳಾಗುತ್ತಿತ್ತು. ಹೊಸದು ಹಾಕಿಸಿದರೂ ವರ್ಷದೊಳಗೆ ಅದೇ ಕಥೆ. ತಮ್ಮನಿಗೆ ಸಾಕಾಗಿತ್ತು. "ಇದೇ ಕಡೇ ಸಲ, ಅಕ್ಕ. ಕಾರಣ ಗೊತ್ತಾಗ್ಲಿಲ್ಲ ಅಂದ್ರೆ ಕಾರು ಮಾರಿಬಿಡುವ" ಎಂದಿದ್ದ. ಅಪ್ಪ ತೀರಿಕೊಂಡ ಮೇಲೆ ಅಮ್ಮನಿಗೆ ಆ ಕಾರಿನಲ್ಲಿ ಕೂತರೇ ಸಮಾಧಾನ.

ಸೈದಾಪೇಟೆಯಲ್ಲಿ ಅಪ್ಪ ಗಲ್ಲಾದಲ್ಲಿ ಕೂರುತ್ತಿದ್ದ ಹೋಟೆಲಿನ ಮುಂದೆ ಕಾರು ನಿಲ್ಲಿಸು ಎಂದಳು ಅಮ್ಮ. ಕಾಪಿ ಬಂತು. ಒಂದು ಗುಟುಕು ಕುಡಿದು ಮುಖ ಸಿಂಡರಿಸಿದಳು. "ಎಂತ ಡಿಕಾಕ್ಷನ್ ಇದು, ನೀರು! ಅವರಿದ್ದಿದ್ರೆ ಒಳಗೆ ಹೋಗಿ ಬೈತಿದ್ರು." ಆದರೂ ಲೋಟ ಖಾಲಿ ಮಾಡಿಯೇ ಎದ್ದಳು. ಊರಿಗೆಲ್ಲ ದೋಸೆ ಬಡಿಸಿ, ಮಧ್ಯಾಹ್ನ ಮೂರಕ್ಕೆ ಮನೆಗೆ ಬಂದು ಅಮ್ಮನ ನೀರ್ ದೋಸೆಯನ್ನೇ ತಿನ್ನುತ್ತಿದ್ದ ಮನುಷ್ಯ ನನ್ನಪ್ಪ.

ಗಿಂಡಿಯ ಟ್ರಾಫಿಕ್ಕಿನಲ್ಲಿ ಬೆಂದು ವೇಲಚೇರಿಯ ಟೈರ್ ಅಂಗಡಿ ಸೇರಿದೆವು. ಕಾರನ್ನು ಮೇಲೆತ್ತಿ ಚಕ್ರಗಳ ಅಲೈನ್‌ಮೆಂಟ್ ನೋಡಿದರು. ಗಾಳಿ ಕಡಿಮೆಯಾದರೆ ಎರಡೂ ಅಂಚು ಸವೆಯುತ್ತದೆ, ಹೆಚ್ಚಾದರೆ ನಡುವೆ ಸವೆಯುತ್ತದೆ. ಇಲ್ಲಿ ಚಕ್ರವೇ ವಾಲಿದೆ, ಅದನ್ನು ಹಿಡಿದಿರುವ ಆರ್ಮ್ ಬಾಗಿದೆ ಎಂದರು ಅಂಗಡಿಯವರು. ಆಮೇಲೆ ಕೇಳಿದರು: "ದಿನಮುಂ ಕಲ್ಲು ಮೇಲ ಏತ್ತುರೀಂಗಳಾ?"

ದಿನಾ ಕಲ್ಲಿನ ಮೇಲೆ ಹತ್ತಿಸುತ್ತೀರಾ ಎಂದರೆ ಹೌದು ಎನ್ನಲೇಬೇಕು! ನಮ್ಮ ಬಾಗಿಲ ಪಕ್ಕ ಒಂದು ಚಪ್ಪಡಿ ಕಲ್ಲುಂಟು. ಎದುರು ಮನೆಯ ಜಗಲಿ ಗಲ್ಲಿಗೆ ಚಾಚಿಕೊಂಡಿದ್ದ ಕಾಲದಲ್ಲಿ, ಬೇರೆ ಗಾಡಿಗಳಿಗೆ ದಾರಿಯಾಗಲೆಂದು ಅಪ್ಪ ಎಡ ಚಕ್ರಗಳನ್ನು ಅದರ ಮೇಲೆ ಹತ್ತಿಸಿ ನಿಲ್ಲಿಸುತ್ತಿದ್ದರು. ದಡ್ ಎಂದು ಸದ್ದಾಗುತ್ತಿತ್ತು. ಅವರಿಂದಲೇ ಕಾರು ಕಲಿತ ನಾನೂ ಹಾಗೇ ಹತ್ತಿಸುತ್ತಿದ್ದೆ. ಅಮ್ಮ ನನ್ನ ಮುಖ ನೋಡಿದಳು.

ಆರ್ಮ್ ಬದಲಾಯಿಸಿ, ಹೊಸ ಟೈರು ಹಾಕಿ, ಅಲೈನ್‌ಮೆಂಟ್ ಮಾಡಿಕೊಟ್ಟರು. ಇನ್ನು ಕಲ್ಲಿನ ತಂಟೆಗೆ ಹೋಗದಿದ್ದರೆ ಟೈರು ಬಾಳುತ್ತದೆ ಎಂದರು. ತಮ್ಮನಿಗೆ ಫೋನ್ ಮಾಡಿದೆ. "ಹಾಗಾದ್ರೆ ಇಟ್ಕೊಳ್ಳಿ" ಎಂದ. ಅಬ್ಬಾ!

ಹೊರಟಾಗ ಸಮುದ್ರದ ಗಾಳಿ ಎದ್ದಿತ್ತು. ಆಗ ನನಗೆ ಹೊಳೆಯಿತು: ಎದುರು ಮನೆ ಕೆಡವಿ ಫ್ಲಾಟ್ ಕಟ್ಟಿ, ಗಲ್ಲಿ ಅಗಲವಾಗಿ ಎಷ್ಟೋ ವರ್ಷವಾಗಿದೆಯಲ್ಲ! "ಮತ್ತೆ ಅಪ್ಪ ಯಾಕೆ ಹತ್ತಿಸ್ತಿದ್ರು?"

"ಆ ಸದ್ದು ಕೇಳಿದ ಮೇಲೇ ಅಲ್ವಾ ನಾನು ಒಲೆ ಮೇಲೆ ದೋಸೆ ಕಾವಲಿ ಇಡುದು" ಎಂದಳು ಅಮ್ಮ. "ನೀರ್ ದೋಸೆ ತಣಿದ್ರೆ ಅವರಿಗೆ ಆಗ್ತಿರ್ಲಿಲ್ಲ. ಈಗ ಜಾಗ ಉಂಟಲ್ಲ, ಕಲ್ಲು ಬಿಡಿ, ಹಾರ್ನ್ ಹೊಡೀರಿ ಅಂದೆ. ಹಾರ್ನ್ ಇಡೀ ಬೀದಿಗೆ ಕೇಳ್ತದೆ, ಇದು ನಿಂಗೆ ಮಾತ್ರ ಅಂದ್ರು."

ನಾನು ಗಿಂಡಿಯ ಕಡೆಗೆ ಕಾರು ತಿರುಗಿಸಿದೆ.

ಬಾಗಿಲಲ್ಲಿ ಇಳಿದ ಅಮ್ಮ, "ನೀನು ನಿಲ್ಲಿಸಿ ಬಾ, ದೋಸೆ ಹೊಯ್ತೇನೆ" ಎಂದು ಒಳಗೆ ಹೋದಳು. ನಾನು ಗಲ್ಲಿಯ ತುದಿಯಲ್ಲಿ ಕಾರು ತಿರುಗಿಸಿಕೊಂಡು ಬಂದು, ಕಲ್ಲಿನಿಂದ ದೂರ, ನೆಲದ ಮೇಲೇ ನಿಲ್ಲಿಸಿದೆ. ಸದ್ದೇ ಆಗಲಿಲ್ಲ.

ಅಡುಗೆಮನೆಗೆ ಹೋದರೆ ಅಮ್ಮ ಹಿಟ್ಟಿನ ಸೌಟು ಹಿಡಿದು, ಬೀದಿಗೆ ಕಿವಿಕೊಟ್ಟು ನಿಂತಿದ್ದಳು. ಕಾವಲಿ ಇನ್ನೂ ಗೋಡೆಯ ಮೊಳೆಯಲ್ಲೇ ಇತ್ತು.

"ಬಂದ್ಯಾ?" ಎಂದಳು. "ಗೊತ್ತೇ ಆಗ್ಲಿಲ್ಲ ಮಾರಾಯ್ತಿ."

"ಕಾರು ಉಳೀತಲ್ಲಮ್ಮ" ಎಂದೆ.

"ಉಳೀತು" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಲೆ ಹಚ್ಚಿದಳು.